ಸ್ಕೇಲಿಂಗ್ (ಹಲ್ಲು ಕ್ಲೀನಿಂಗ್) ನಿಲ್ಸಿ ಅರ್ಧ ಗಂಟೆ ಆದ್ಮೇಲೂ ಪ್ಲೇಟ್‌ನಲ್ಲಿ ಕಾಲನಿ ಬಂತು, ಇದು ಮಾಮೂಲಾ?

ಸಕ್ಷನ್ ಹಿಡಿಯೋಳು:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೈಕೋಬೇಡಿ. ನಾನು ಡೆಂಟಲ್ ಅಸಿಸ್ಟೆಂಟ್, ಆರು ವರ್ಷದಿಂದ ಇದೇ ಕೆಲಸ. ನಮ್ಮಲ್ಲಿ ಮೂರು ಚೇರು, ನಡುವೆ ಎದೆಮಟ್ಟದ ಪಾರ್ಟಿಷನ್ ಅಷ್ಟೆ, ಅದರ ಮೇಲೆ ಎಲ್ಲರಿಗೂ ಒಂದೇ ಗಾಳಿ. ದಿನಾ ಸಂಜೆ ಫೇಸ್ ಶೀಲ್ಡ್ ಒರೆಸುವಾಗ ಅದರ ಮೇಲಿರೋ ಚುಕ್ಕೆ ನೋಡಿ ನೋಡಿ, ಶೀಲ್ಡ್ ಮೇಲೇ ಇಷ್ಟಿದ್ರೆ ಕಣ್ಣಿಗೆ ಕಾಣದೇ ಇರೋದು ಎಷ್ಟಿರಬೋದು ಅಂತ ತಲೆಗೆ ಹುಳ ಬಿಟ್ಕೊಂಡೆ. ಲ್ಯಾಬ್‌ನಲ್ಲಿರೋ ಫ್ರೆಂಡ್ ಒಬ್ಬಳು ಆರು ಬ್ಲಡ್ ಅಗರ್ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸೋ ಜೆಲ್ಲಿ ಹಾಕಿದ ತಟ್ಟೆ) ಕೊಟ್ಲು. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಜಾಗದ ಹೆಸರು ಬರೆದು, ಒಂದೊಂದನ್ನೂ ಒಂದು ಗಂಟೆ ತೆರೆದಿಟ್ಟೆ. ಒಂದು ಬೆಳಿಗ್ಗೆ ಯಾರೂ ಬರೋಕೆ ಮುಂಚೆ. ಸ್ಕೇಲಿಂಗ್ ನಡೀವಾಗ ಮೂರು: ಪೇಷಂಟ್ ಎದೆ ಮೇಲೆ, ಎರಡು ಮೀಟರ್ ಹಿಂದೆ ಆಟೋಕ್ಲೇವ್ (ಸಾಮಾನುಗಳನ್ನ ಹಬೆಯಲ್ಲಿ ಶುದ್ಧ ಮಾಡೋ ಮಷಿನ್) ಹತ್ರ, ಪಕ್ಕದ ಖಾಲಿ ಚೇರ್ ಮೇಲೆ. ಒಂದು ರಿಸೆಪ್ಷನ್ ಟೇಬಲ್ ಮೇಲೆ. ಕೊನೇದು ಸ್ಕೇಲಿಂಗ್ ಮುಗಿದು ಅರ್ಧ ಗಂಟೆ ಆದ್ಮೇಲೆ ಅದೇ ಚೇರ್ ಪಕ್ಕ.

ಎರಡು ದಿನ ಇನ್ಕ್ಯುಬೇಟರ್‌ನಲ್ಲಿಟ್ಟು ತೆಗೆದ್ವಿ. ಬೆಳಗಿನದ್ರಲ್ಲಿ ಬೆರಳೆಣಿಕೆ ಕಾಲನಿ (ಬ್ಯಾಕ್ಟೀರಿಯಾ ಗುಂಪು ಬೆಳೆದು ಕಾಣೋ ಚುಕ್ಕೆ). ಎದೆ ಮೇಲಿಂದು ಎಣಿಸೋಕೇ ಆಗಲ್ಲ, ಒಂದರ ಮೇಲೊಂದು ಹತ್ಕೊಂಡಿವೆ. ಪಕ್ಕದ ಖಾಲಿ ಚೇರಲ್ಲೂ ಬಂದಿದೆ. ಅರ್ಧ ಗಂಟೆ ಆದ್ಮೇಲಿಟ್ಟದ್ರಲ್ಲೂ ಬೆಳಗಿನದಕ್ಕಿಂತ ಜಾಸ್ತಿ. ವಿಚಿತ್ರ ಏನಂದ್ರೆ ರಿಸೆಪ್ಷನ್‌ದು ಆಟೋಕ್ಲೇವ್ ಹತ್ರದ್ದಕ್ಕಿಂತ ಜಾಸ್ತಿ! ಅಲ್ಲಿ ಯಾರೂ ಬಾಯೇ ತೆಗೆದಿಲ್ಲ (ಮಾತಾಡೋಕೆ ಬಿಟ್ರೆ).

ನಮ್ಮ ಡಾಕ್ಟ್ರು ಸ್ಕೇಲರ್ ಕೆಳಗಿಟ್ಟ ತಕ್ಷಣ ಮಾಸ್ಕ್ ಗಲ್ಲಕ್ಕೆ ಇಳಿಸಿ ಪೇಷಂಟ್‌ಗೆ ಬ್ರಷ್ ಮಾಡೋದು ಹೇಗೆ ಅಂತ ವಿವರಿಸ್ತಾರೆ. ಪ್ಲೇಟ್ ತೋರಿಸಿದ್ದಕ್ಕೆ "ಫಾಗಿಂಗ್ ಮಷಿನ್ ತಗೊಳೋಣ" ಅಂದ್ರು (ಕ್ರಿಮಿನಾಶಕಾನ ಹೊಗೆ ಥರ ರೂಮಿಗೆ ಹೊಡಿಯೋದು). ಅದರಿಂದ ಆಗುತ್ತಾ? ಗೊತ್ತಿರೋರು ಹೇಳಿ.

ಒಂಟಿಕುರ್ಚಿ:
ನಾನು ಡೆಂಟಿಸ್ಟ್, ಒಂದೇ ಚೇರಿನ ಕ್ಲಿನಿಕ್, ಇಪ್ಪತ್ತು ವರ್ಷ ಮೇಲಾಯ್ತು. ಇಂಥಾ ಪ್ಲೇಟ್ ಎಲ್ಲಿಟ್ರೂ ಏನಾದ್ರೂ ಬೆಳೆಯುತ್ತೆ ಅಕ್ಕ. ಬಸ್ಸಲ್ಲಿಡಿ, ಮನೆ ಹಾಲ್‌ನಲ್ಲಿಡಿ, ಅಲ್ಲೂ ಬೆಳೆಯುತ್ತೆ. ಕಾಲನಿ ಬಂತು ಅಂದ ತಕ್ಷಣ ರೋಗ ಬಂತು ಅಂತಲ್ಲ. ಇದನ್ನ ಓದಿ ಜನ ಕ್ಲೀನಿಂಗ್‌ಗೇ ಬರೋದು ಬಿಟ್ಬಿಟ್ರೆ ಅದು ಇದಕ್ಕಿಂತ ದೊಡ್ಡ ನಷ್ಟ. ನಂಗಂತೂ ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ.

ಪೆಟ್ರಿತಟ್ಟೆ:
ಡಾಕ್ಟ್ರೇ ಅರ್ಧ ಒಪ್ತೀನಿ. ಕೊನೇ ವಾಕ್ಯ ಒಪ್ಪಲ್ಲ. ಗಾಳೀಲಿ ಬಂದ ಸೋಂಕು ಇಂಥ ದಿನ ಇಂಥ ಚೇರಲ್ಲೇ ಅಂಟ್ತು ಅಂತ ಯಾರು ಲೆಕ್ಕ ಇಟ್ಟಿರ್ತಾರೆ, ಹತ್ತು ದಿನ ಬಿಟ್ಟು ಜ್ವರ ಬಂದ್ರೆ ಮಳೇಲಿ ನೆಂದೆ ಅಂತ ಸುಮ್ಮನಾಗ್ತೀವಿ. "ನಂಗೇನೂ ಆಗಿಲ್ಲ" ಅನ್ನೋದು ನೋಡದೇ ಇದ್ದದ್ದಕ್ಕೆ ಸಾಕ್ಷಿ, ಇಲ್ಲದೇ ಇದ್ದದ್ದಕ್ಕಲ್ಲ.

ಈಗ ಅಕ್ಕನ ಪ್ಲೇಟ್ ವಿಚಾರ. ನಾನು ಮೈಕ್ರೋಬಯಾಲಜಿ ಲ್ಯಾಬಲ್ಲಿದೀನಿ, ಇಂಥದ್ದು ದಿನಾ ನೋಡೋದೇ ಕೆಲಸ. ರಿಸೆಪ್ಷನ್‌ನಲ್ಲಿ ಜಾಸ್ತಿ ಬಂದಿರೋದು ಆಶ್ಚರ್ಯ ಅಲ್ಲ. ಜನ ಓಡಾಡ್ತಾರೆ, ಬಟ್ಟೆ ಕೊಡವ್ತಾರೆ, ಮಾತಾಡ್ತಾರೆ. ನಮ್ಮ ಚರ್ಮದಿಂದ ಸಿಪ್ಪೆ ಉದುರ್ತಾನೇ ಇರುತ್ತೆ, ಅದರ ಜೊತೆ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್, ಮೈಕ್ರೋಕಾಕಸ್ ಎಲ್ಲಾ ತೇಲುತ್ವೆ. ಎದೆ ಮೇಲಿನ ಪ್ಲೇಟಲ್ಲಿ ಬಂದಿರೋದು ಬೇರೆ ಜಾತಿ ಇರ್ಬೇಕು, ಸುತ್ತ ತೆಳ್ಳಗೆ ಹಸಿರು ಛಾಯೆ ಇರೋ ಸಣ್ಣ ಸಣ್ಣ ಕಾಲನಿ ಇದ್ರೆ ಅವು ಬಾಯಲ್ಲಿರೋ ಸ್ಟ್ರೆಪ್ಟೋಕಾಕಸ್ ಇರೋ ಸಾಧ್ಯತೆ ಹೆಚ್ಚು. ಅದಕ್ಕೇ ಬರೀ ಎಷ್ಟು ಅಂತ ಎಣಿಸಿದ್ರೆ ಸಾಲಲ್ಲ, ಯಾವ್ದು ಅಂತ ನೋಡ್ಬೇಕು, ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾ ವಿಂಗಡಿಸೋ ಟೆಸ್ಟ್) ಆದ್ರೂ ಮಾಡ್ಸಿ.

ಇನ್ನೊಂದು, ಇದು ಮುಖ್ಯ. ನೀವು ಮಾಡಿದ್ದು ಸೆಟಲ್ ಪ್ಲೇಟ್, ಅಂದ್ರೆ ಅದ್ರ ಮೇಲೆ ಏನು *ಬೀಳುತ್ತೋ* ಅದನ್ನ ಮಾತ್ರ ಹಿಡಿಯುತ್ತೆ. 100 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಹನಿ ಬಾಯಿ ಎತ್ತರದಿಂದ ನೆಲಕ್ಕೆ ಬರೋಕೆ ಕೆಲವೇ ಸೆಕೆಂಡ್. 10 ಮೈಕ್ರಾನ್‌ಗೆ ಗಾಳಿ ಅಲುಗಾಡದೇ ಇದ್ರೂ ಎಂಟು ಹತ್ತು ನಿಮಿಷ ಬೇಕು. 1 ಮೈಕ್ರಾನ್ ಕಣ ಅಂದ್ರೆ ಅರ್ಧ ದಿನ, ಅದೂ ಫ್ಯಾನ್ ಏಸಿ ಏನೂ ಇಲ್ದೇ ಇದ್ರೆ. ಅಂದ್ರೆ ಶ್ವಾಸಕೋಶದ ತಳದವರೆಗೆ ಹೋಗೋ ಸೈಜಿನ ಕಣ ಯಾವ್ದೋ ಅದೇ ನಿಮ್ಮ ಪ್ಲೇಟ್‌ಗೆ ಸರಿಯಾಗಿ ಬೀಳಲ್ಲ. ಪ್ಲೇಟ್ ಖಾಲಿ ಇದ್ರೂ ಗಾಳಿ ಕ್ಲೀನ್ ಅಂತ ಅರ್ಥ ಅಲ್ಲ. ಗಾಳೀನ ಪಂಪ್‌ನಿಂದ ಎಳೆದು ಅಗರ್ ಮೇಲೆ ಹೊಡೆಸೋ ಸ್ಯಾಂಪ್ಲರ್ ಬೇರೇನೇ ಇದೆ, ಆಂಡರ್ಸನ್ ಇಂಪ್ಯಾಕ್ಟರ್ ಅಂತ, 1958ರಿಂದ ಇದೆ, ಆರು ಅಂತಸ್ತು, ಒಂದೊಂದರಲ್ಲಿ ಒಂದೊಂದು ಸೈಜ್ ಬೇರೆ ಬೇರೆಯಾಗಿ ಸಿಗುತ್ತೆ. ಅದ್ರಲ್ಲಿ ಒಂದು ಘನ ಮೀಟರ್ ಗಾಳಿಗೆ ಎಷ್ಟು ಅಂತ ಹೇಳ್ಬೋದು. ಸೆಟಲ್ ಪ್ಲೇಟಲ್ಲಿ ಆ ಲೆಕ್ಕ ನೇರವಾಗಿ ಬರಲ್ಲ. ಮುಂದಿನ ಸಲ ಸೆಟಲ್ ಪ್ಲೇಟೇ ಇಡೋದಾದ್ರೆ ನೆಲದಿಂದ 1 ಮೀಟರ್ ಎತ್ತರ, ಗೋಡೆಯಿಂದ 1 ಮೀಟರ್ ದೂರ, 1 ಗಂಟೆ, ಹಿಂಗಿಡಿ. ಆಗ ಬೇರೆಯವ್ರ ಲೆಕ್ಕದ ಜೊತೆ ಹೋಲಿಸ್ಬೋದು. ಜೊತೆಗೆ ತೆರೆಯದೇ ಇರೋ ಪ್ಲೇಟ್ ಒಂದು ಇನ್ಕ್ಯುಬೇಟರ್‌ನಲ್ಲಿ ಇರ್ಲಿ, ಅದ್ರಲ್ಲೂ ಬೆಳೆದ್ರೆ ಪ್ಲೇಟೇ ಕೆಟ್ಟಿತ್ತು ಅಂತ ಗೊತ್ತಾಗುತ್ತೆ.

ಹಲ್ಲುನೋವಿನವ:
ನಾನು ಬರೀ ಪೇಷಂಟು ಸ್ವಾಮಿ, ನಾಡಿದ್ದು ಅಪಾಯಿಂಟ್‌ಮೆಂಟ್ ಇದೆ, ಇದೆಲ್ಲಾ ಓದಿ ಕೈಕಾಲು ತಣ್ಣಗಾಯ್ತು. ನನಗಿಂತ ಮುಂಚೆ ಕೂತಿದ್ದೋರ ಎಂಜಲು ನಾನು ಉಸಿರಾಡ್ತೀನಾ? ಹೌದು ಅಥವಾ ಇಲ್ಲ ಅಂತ ಹೇಳಿ ಸಾಕು.

ಒಂಟಿಕುರ್ಚಿ:
ನೋಡಿ, ನಾನು ಹೇಳಿದ್ದು ಇದನ್ನೇ. ಹೆದರಿಸಿದ್ರಲ್ಲ ಈಗ.

ಬೋರ್ಡ್ ಒರೆಸಿದ ಮೇಷ್ಟ್ರು:
ನಾನು ಡೆಂಟಲ್ ಕಾಲೇಜಲ್ಲಿ ಪಾಠ ಮಾಡಿ ರಿಟೈರ್ ಆದವನು. ಹಲ್ಲುನೋವಿನವರೇ, ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಬರಲ್ಲ, ಆದ್ರೆ ಹೆದರೋ ಅಂಥದ್ದೂ ಅಲ್ಲ, ಹೋಗಿ ಬನ್ನಿ, ಹುಳುಕು ಹಲ್ಲು ಕಾಯಲ್ಲ.

ಈ ಚರ್ಚೆ ಹೊಸದೇನಲ್ಲ. 1957ರಲ್ಲಿ ಏರೋಟರ್ ಅನ್ನೋ ಹಲ್ಲು ಕೊರೆಯೋ ಯಂತ್ರ ಬಂತು, ನಿಮಿಷಕ್ಕೆ ಮೂರು ಲಕ್ಷ ಸುತ್ತು, ಬಿಸಿ ತಗ್ಗಿಸೋಕೆ ನೀರು ಬಿಡ್ಲೇಬೇಕು. ಆ ವೇಗಕ್ಕೆ ನೀರು ಬಿದ್ರೆ ಮಂಜಾಗದೆ ಇನ್ನೇನಾಗುತ್ತೆ. ಆಮೇಲೆ ಅಲ್ಟ್ರಾಸಾನಿಕ್ ಸ್ಕೇಲರ್, ಅದರ ತುದಿ ಸೆಕೆಂಡಿಗೆ 25 ಸಾವಿರ ಸಲಕ್ಕಿಂತ ಮೇಲೆ ನಡುಗುತ್ತೆ. ನಾವು ಬಳಸೋ ಸಾಮಾನುಗಳಲ್ಲಿ ಅತಿ ಹೆಚ್ಚು ಮಂಜು ಎಬ್ಬಿಸೋದರಲ್ಲಿ ಅದರದ್ದೇ ಮೊದಲ ಹೆಸರು. 1969ರಲ್ಲಿ ಮೈಸಿಕ್ ಅನ್ನೋರು ಸಂಗಡಿಗರ ಜೊತೆ ಸೇರಿ ಇದನ್ನ ಎರಡಾಗಿ ವಿಂಗಡಿಸಿದ್ರು: 50 ಮೈಕ್ರಾನ್‌ಗಿಂತ ದೊಡ್ಡದು ಸ್ಪ್ಲ್ಯಾಟರ್, ಚಿಮ್ಮಿ ಬಿದ್ದುಹೋಗುತ್ತೆ. ಅದಕ್ಕಿಂತ ಸಣ್ಣದು ಏರೋಸಾಲ್, ತೇಲುತ್ತೆ. ಅಕ್ಕನ ಶೀಲ್ಡ್ ಮೇಲಿನ ಚುಕ್ಕೆ ಸ್ಪ್ಲ್ಯಾಟರ್. ಅಕ್ಕನಿಗೆ ಭಯ ಹುಟ್ಟಿಸಿದ್ದು ಅದು, ಅಕ್ಕ ಭಯಪಡಬೇಕಾದದ್ದು ಇನ್ನೊಂದು.

ಎಂಜಲಿನ ವಿಚಾರ. ಕೋವಿಡ್ ಬಂದಾಗ ಎಲ್ಲರೂ ಅಂದ್ಕೊಂಡದ್ದು ಆ ಮಂಜೆಲ್ಲಾ ಪೇಷಂಟ್ ಎಂಜಲೇ ಅಂತ. 2021ರಲ್ಲಿ ಜರ್ನಲ್ ಆಫ್ ಡೆಂಟಲ್ ರಿಸರ್ಚ್‌ನಲ್ಲಿ ಒಂದು ಅಧ್ಯಯನ ಬಂತು, ಮುಖದ ಮೇಲೆ, ಪೇಷಂಟ್ ಎದೆ ಮೇಲೆ, ದೂರದಲ್ಲಿ ಬಿದ್ದ ಸೂಕ್ಷ್ಮಜೀವಿಗಳ ಡಿಎನ್‌ಎ ಓದಿ, ಇವು ಎಲ್ಲಿಂದ ಬಂದವು ಅಂತ ಹುಡುಕಿದ್ರು. ಬಹುಪಾಲು ಬಂದಿದ್ದು ಯಂತ್ರದಿಂದ ಹೊರಡೋ ನೀರಿನಿಂದ, ಎಂಜಲಿನ ಪಾಲು ತೀರಾ ಕಮ್ಮಿ. ಓದಿ ಕೆಲವರು ಅಬ್ಬಾ ಬದುಕಿದ್ವಿ ಅಂದ್ರು. ನನಗೆ ಅನ್ನಿಸಿದ್ದು, ಅಯ್ಯೋ ಹಂಗಾದ್ರೆ ಆ ನೀರೇನು ಅಂತ ಯಾರಾದ್ರೂ ನೋಡಿದೀರಾ!

ಸಕ್ಷನ್ ಹಿಡಿಯೋಳು:
ಸಾರ್ ನೀರು ಅಂದ್ರೆ ಯಾವ್ದು? ನಾವು ಬಾಟಲಿಗೆ ಫಿಲ್ಟರ್ ನೀರೇ ಹಾಕೋದು.

ಬೋರ್ಡ್ ಒರೆಸಿದ ಮೇಷ್ಟ್ರು:
ಬಾಟಲಿಗೆ ಗಂಗೆ ತಂದು ಹಾಕಿದ್ರೂ ಅಷ್ಟೇಮ್ಮ. ಬಾಟಲಿಯಿಂದ ಹ್ಯಾಂಡ್‌ಪೀಸ್‌ (ಡಾಕ್ಟ್ರು ಕೈಯಲ್ಲಿ ಹಿಡಿಯೋ ಕೊರೆಯೋ ಸಾಧನ) ವರೆಗೆ ಪೆನ್ಸಿಲ್‌ಗಿಂತ ತೆಳ್ಳಗಿರೋ ಪ್ಲಾಸ್ಟಿಕ್ ಟ್ಯೂಬ್ ಇದೆಯಲ್ಲ, ನೋಡ್ಬೇಕಾದ್ದು ಅದರ ಒಳಗೋಡೆ. ಟ್ಯೂಬ್ ಸಣ್ಣದಾದಷ್ಟೂ ಒಳಗಿರೋ ನೀರಿಗೆ ಹೋಲಿಸಿದ್ರೆ ಗೋಡೆ ಜಾಸ್ತಿ. ಮಧ್ಯದಲ್ಲಿ ನೀರು ಓಡುತ್ತೆ, ಗೋಡೆ ಪಕ್ಕ ಹೆಚ್ಚುಕಮ್ಮಿ ನಿಂತೇ ಇರುತ್ತೆ. ರಾತ್ರಿಯೆಲ್ಲಾ, ಭಾನುವಾರವೆಲ್ಲಾ ಪೂರ್ತಿ ನಿಂತಿರುತ್ತೆ. ಅಲ್ಲಿ ಬಯೋಫಿಲ್ಮ್ ಕಟ್ಟುತ್ತೆ, ಕೆರೆ ಕಲ್ಲಿನ ಮೇಲಿನ ಪಾಚಿ ಲೋಳೆ ಮುಟ್ಟಿದೀರಲ್ಲ, ಹೆಚ್ಚುಕಮ್ಮಿ ಹಂಗೆ. 1963ರಲ್ಲೇ ಬ್ಲೇಕ್ ಅನ್ನೋರು ಡೆಂಟಲ್ ಯೂನಿಟ್ ನೀರಲ್ಲಿ ಬ್ಯಾಕ್ಟೀರಿಯಾ ತುಂಬಿರೋದನ್ನ ಬರೆದಿದ್ರು. ಅಮೆರಿಕದ ಸಿಡಿಸಿ (ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) 2003ರಲ್ಲಿ ಕೊಟ್ಟ ಸೂಚನೆ ಪ್ರಕಾರ ಮಾಮೂಲಿ ಚಿಕಿತ್ಸೆಯ ನೀರಲ್ಲಿ ಒಂದು ಮಿಲಿಲೀಟರ್‌ಗೆ 500 ಕಾಲನಿ ಮೀರಬಾರದು. ನೋಡಿಕೊಳ್ಳದ ಟ್ಯೂಬಲ್ಲಿ ಅದು ಎಷ್ಟೋ ಪಟ್ಟು ಮೀರುತ್ತೆ.

ಬಹುಪಾಲು ಬಡಪಾಯಿ ಬ್ಯಾಕ್ಟೀರಿಯಾಗಳೇ, ಆರೋಗ್ಯವಂತರಿಗೆ ಏನೂ ಮಾಡಲ್ಲ. ಆದ್ರೆ ಅವುಗಳ ಜೊತೆ ಸೂಡೊಮೊನಾಸ್, ಲೀಜಿಯೊನೆಲ್ಲಾ ಸೇರ್ಕೊಂಡ್ರೆ ಕಥೆ ಬೇರೆ. ಇಟಲಿಯಲ್ಲಿ 82 ವರ್ಷದ ಹೆಂಗಸೊಬ್ಬರು ಲೀಜಿಯೊನೆಲ್ಲಾ ನ್ಯುಮೋನಿಯಾದಿಂದ ತೀರಿಕೊಂಡ್ರು, ಅದೇ ತಳಿ ಅವರು ಹೋಗಿದ್ದ ಡೆಂಟಲ್ ಚೇರಿನ ನೀರಲ್ಲಿ ಸಿಕ್ತು, 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ವರದಿ ಆಯ್ತು. ಗಾಳಿ ಮೂಲಕ ಅಂದ್ರೆ ಇದೇ ನೋಡಿ, ಮಂಜನ್ನ ಉಸಿರಾಡಿದ್ದು. 2015, 2016ರಲ್ಲಿ ಅಮೆರಿಕದ ಜಾರ್ಜಿಯಾ, ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಹಲ್ಲಿನ ತಿರುಳಿನ ಚಿಕಿತ್ಸೆಗೆ ಶುದ್ಧಮಾಡದ ನೀರು ಬಳಸಿ ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಅನ್ನೋ ಬ್ಯಾಕ್ಟೀರಿಯಾ ಸೋಂಕಾಯ್ತು. ಅದು ಗಾಳಿಯದ್ದಲ್ಲ, ನೇರ ನೀರಿನದ್ದು, ಆದ್ರೆ ಟ್ಯೂಬ್ ಅದೇ.

ಪೆಟ್ರಿತಟ್ಟೆ:
ಮೇಷ್ಟ್ರೇ ಒಳ್ಳೇ ಸಮಯಕ್ಕೆ ಬಂದ್ರಿ. ಇಲ್ಲೊಂದು ಸ್ವಾರಸ್ಯ ಇದೆ. ಅಕ್ಕನ ಪ್ಲೇಟು ಬ್ಲಡ್ ಅಗರ್, ಎರಡು ದಿನ, ಬಹುಶಃ 37 ಡಿಗ್ರಿ. ಅದು ಮನುಷ್ಯರ ಮೈಲಿ ಬದುಕೋ ಜಾತಿಗೆ ಇಷ್ಟವಾದ ಊಟ, ಇಷ್ಟವಾದ ಬಿಸಿ. ಟ್ಯೂಬಿನ ನೀರಲ್ಲಿರೋದು ಹಸಿದು ಬದುಕಿ ಅಭ್ಯಾಸ ಆದ ಜಾತಿ, ಅವಕ್ಕೆ ಸಪ್ಪೆ ಊಟನೇ ಬೇಕು, ಆರ್2ಎ ಅಂತ ಬೇರೆ ಅಗರ್, 20ರಿಂದ 28 ಡಿಗ್ರಿ, ಐದರಿಂದ ಏಳು ದಿನ ಕಾಯ್ಬೇಕು. ಅಂದ್ರೆ ಮೇಷ್ಟ್ರು ಹೇಳಿದ ಅರ್ಧಕ್ಕರ್ಧ ಗಿರಾಕಿಗಳು ಅಕ್ಕನ ಪ್ಲೇಟಲ್ಲಿ ಹಾಜರಿನೇ ಹಾಕಿಲ್ಲ. ಲೀಜಿಯೊನೆಲ್ಲಾ ಅಂತೂ ಎರಡರಲ್ಲೂ ಬರಲ್ಲ, ಅದಕ್ಕೆ ಇದ್ದಿಲು ಸೇರಿಸಿದ ಅಗರ್ರೇ ಬೇರೆ.

ಒಂಟಿಕುರ್ಚಿ:
ಸರಿ ಒಪ್ಕೊಂಡೆ, ನೀರಿನ ಟೆಸ್ಟ್ ನಾನೂ ಯಾವತ್ತೂ ಮಾಡ್ಸಿಲ್ಲ. ಬೆಳಿಗ್ಗೆ ಎರಡು ನಿಮಿಷ ಟ್ಯೂಬಿಂದ ನೀರು ಹರಿಯೋಕೆ ಬಿಡ್ತೀನಿ, ಪೇಷಂಟ್ ಪೇಷಂಟ್ ನಡುವೆ ಅರ್ಧ ನಿಮಿಷ. ಸಾಲಲ್ವಾ?

ಬೋರ್ಡ್ ಒರೆಸಿದ ಮೇಷ್ಟ್ರು:
ಮಾಡೋದು ಸರಿ, ನಿಲ್ಲಿಸ್ಬೇಡಿ. ಪೇಷಂಟ್ ಆದ್ಮೇಲೆ 20-30 ಸೆಕೆಂಡ್ ಬಿಡೋದು ಹ್ಯಾಂಡ್‌ಪೀಸ್ ಒಳಗೆ ಹಿಂದಕ್ಕೆ ಎಳಕೊಂಡ ಎಂಜಲು ಗಿಂಜಲು ಹೊರಹಾಕೋಕೆ. ನೀರಲ್ಲಿ ತೇಲ್ತಾ ಇರೋದು ಸ್ವಲ್ಪ ಹೊತ್ತಿಗೆ ಕಮ್ಮಿ ಆಗುತ್ತೆ. ಗೋಡೆಗೆ ಅಂಟಿರೋ ಲೋಳೆ ಅಷ್ಟಕ್ಕೆಲ್ಲಾ ಜಗ್ಗಲ್ಲ, ಅದಕ್ಕೆ ಕೆಮಿಕಲ್ಲೇ ಬೇಕು, ಯೂನಿಟ್ ಕಂಪನಿಯೋರು ಹೇಳಿದ ಕ್ರಮದಲ್ಲೇ. ಅಂದಾಜಿನ ಮೇಲೆ ಬ್ಲೀಚ್ ಸುರೀಬೇಡಿ. ಮೂಳೆ ಕತ್ತರಿಸೋ ಸರ್ಜರಿಗಂತೂ ಈ ಟ್ಯೂಬಿನ ನೀರೇ ಬೇಡ, ಸ್ಟೆರೈಲ್ ಸಲೈನ್ ಬೇರೆ ಕಡೆಯಿಂದ ಬರ್ಲಿ.

ಡಕ್ಟ್ ಮಾಮ:
ನಾನು ಏಸಿ, ವೆಂಟಿಲೇಷನ್ ಕೆಲಸದವನು. ಹಲ್ಲಿನ ಬಗ್ಗೆ ನಂಗೇನೂ ಗೊತ್ತಿಲ್ಲ, ಗಾಳಿ ಬಗ್ಗೆ ಮಾತ್ರ ಹೇಳ್ತೀನಿ. ಮೊದಲು ಒಂದು ಪ್ರಶ್ನೆ, ಕ್ಲಿನಿಕ್‌ನಲ್ಲಿರೋದು ಸ್ಪ್ಲಿಟ್ ಏಸಿ ತಾನೇ? ಅದು ಹೊರಗಿನ ಗಾಳಿ ತರುತ್ತೆ ಅಂತ ಎಷ್ಟೋ ಜನ ಅಂದ್ಕೊಂಡಿದಾರೆ, ತರಲ್ಲ. ಹೊರಗಡೆ ಬಾಕ್ಸಿಗೂ ಒಳಗಡೆ ಬಾಕ್ಸಿಗೂ ನಡುವೆ ಹೋಗೋದು ಗ್ಯಾಸು, ಗಾಳಿ ಅಲ್ಲ. ರೂಮಿನ ಗಾಳೀನೇ ಎಳೆದು ತಣ್ಣಗೆ ಮಾಡಿ ರೂಮಿಗೇ ಬಿಡುತ್ತೆ, ಅದರಲ್ಲಿರೋ ಜಾಲರಿ ಧೂಳು ಹಿಡಿಯೋಕೆ. ಒಂದು ಚೇರಿನ ಮಂಜನ್ನ ಮೂರು ಚೇರಿಗೂ ಸಮನಾಗಿ ಹಂಚೋ ಕೆಲಸ ಚೆನ್ನಾಗಿ ಮಾಡುತ್ತೆ. ಖಾಲಿ ಚೇರಿನ ಪ್ಲೇಟಲ್ಲಿ ಹೇಗೆ ಬಂತು ಅಂದ್ರಲ್ಲ, ಹಿಂಗೇ ಬಂದಿರುತ್ತೆ.

ಎಷ್ಟು ಹೊತ್ತು ಕಾಯ್ಬೇಕು ಅನ್ನೋದಕ್ಕೆ ಲೆಕ್ಕ ಇದೆ. ಗಂಟೆಗೆ ರೂಮಿನಷ್ಟು ಗಾಳಿ ಎಷ್ಟು ಸಲ ಬದಲಾಗುತ್ತೆ ಅನ್ನೋದರ ಮೇಲೆ ನಿಂತಿದೆ. ಸಿಡಿಸಿ ಟೇಬಲ್ ಪ್ರಕಾರ 2 ಸಲ ಆದ್ರೆ ತೇಲೋದರಲ್ಲಿ ಶೇಕಡಾ 99 ಹೋಗೋಕೆ 138 ನಿಮಿಷ. 6 ಸಲ ಆದ್ರೆ 46. 12 ಸಲ ಆದ್ರೆ 23. ಅದೂ ಗಾಳಿ ಚೆನ್ನಾಗಿ ಕಲೀತಾ ಇದೆ, ಹೊಸ ಮಂಜು ಸೇರ್ತಾ ಇಲ್ಲ ಅಂದ್ಕೊಂಡು. ಕಿಟಕಿ ಮುಚ್ಚಿ ಸ್ಪ್ಲಿಟ್ ಏಸಿ ಹಾಕ್ಕೊಂಡ್ರೆ ಆ 2 ಸಲವೂ ಅನುಮಾನವೇ. ಅಕ್ಕ ಅರ್ಧ ಗಂಟೆ ಬಿಟ್ಟಿಟ್ಟ ಪ್ಲೇಟಲ್ಲಿ ಬರದೇ ಇದ್ದಿದ್ರೆ ನಂಗೆ ಆಶ್ಚರ್ಯ ಆಗ್ತಿತ್ತು.

ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಎದುರು ಗೋಡೆ ಕಡೆಯಿಂದ ಗಾಳಿ ಒಳಬರೋ ದಾರಿ ಬಿಡಿ. ಎರಡೂ ಒಂದೇ ಮೂಲೇಲಿದ್ರೆ ಬಂದ ಗಾಳಿ ಬಂದ ಹಾಗೇ ಆಚೆ ಹೋಗುತ್ತೆ, ರೂಮು ರೂಮಿನಂಗೇ ಇರುತ್ತೆ. ಇಲ್ಲಾಂದ್ರೆ ಹೆಪಾ ಫಿಲ್ಟರ್ (ಸಣ್ಣ ಕಣಾನೂ ಹಿಡಿಯೋ ಜಾಲರಿ) ಮಷಿನ್. ರೂಮು 30 ಘನ ಮೀಟರ್, ಮಷಿನ್ ಗಂಟೆಗೆ 300 ಘನ ಮೀಟರ್ ಕ್ಲೀನ್ ಗಾಳಿ ಕೊಡುತ್ತೆ ಅಂದ್ರೆ ಹತ್ತು ಸಲ ಬದಲಾದಂಗೆ. ಕಮ್ಮಿ ಸ್ಪೀಡಲ್ಲಿ ಸದ್ದಾಗ್ದಂಗೆ ಓಡಿಸಿದ್ರೆ ಈ ಲೆಕ್ಕ ಹಾಳು, ಡಬ್ಬದ ಮೇಲೆ ಬರೆದಿರೋದು ಫುಲ್ ಸ್ಪೀಡಿಂದು. ಇಡೋ ಜಾಗ ಪೇಷಂಟ್ ತಲೆ ಹತ್ರ, ಆದ್ರೆ ಮಂಜು ಡಾಕ್ಟ್ರ ಮುಖ ದಾಟಿ ಮಷಿನ್‌ಗೆ ಹೋಗೋ ಹಂಗೆ ಇಡಬೇಡಿ. ಇದನ್ನ ನೂರಕ್ಕೆ ತೊಂಬತ್ತು ಜನ ತಪ್ಪು ಇಟ್ಟಿರ್ತಾರೆ (ನನ್ನ ಅಂದಾಜು, ಸಿಡಿಸಿದಲ್ಲ).

ಇಂಟರ್ನಿ ಕಷ್ಟ:
ಹಾಗಾದ್ರೆ ಫಾಗಿಂಗ್? ನಮ್ಮಲ್ಲೂ ಸಂಜೆ ಹೊಡೀತಾರೆ, ಮಾರನೇ ದಿನ ಬೆಳಿಗ್ಗೆವರೆಗೂ ಗಂಟಲು ಕೆರೀತಿರುತ್ತೆ.

ಪೆಟ್ರಿತಟ್ಟೆ:
ಸಂಜೆ ಹೊಡೆದದ್ದು ಬೆಳಿಗ್ಗೆ ಮೊದಲ ಸ್ಕೇಲಿಂಗ್‌ವರೆಗೆ. ಆಮೇಲೆ ಮತ್ತೆ ಅದೇ ರಾಗ. ಜನ ಇರುವಾಗ ಹೊಡಿಯೋಂಗಿಲ್ಲ, ಜನ ಇರುವಾಗಲೇ ಮಂಜು ಏಳೋದು. ಯೂವಿ ಲೈಟೂ ಹಂಗೇ, ಬೆಳಕು ಬಿದ್ದಲ್ಲಿ ಕೆಲಸ ಮಾಡುತ್ತೆ, ನೆರಳಲ್ಲಿ ಇಲ್ಲ, ಕಣ್ಣಿಗೂ ಚರ್ಮಕ್ಕೂ ಬಿದ್ರೆ ಸುಡುತ್ತೆ. ನಂಗೆ ಕೇಳಿದ್ರೆ ಆ ದುಡ್ಡು ಸಕ್ಷನ್‌ಗೆ ಹಾಕಿ.

ಬೋರ್ಡ್ ಒರೆಸಿದ ಮೇಷ್ಟ್ರು:
ಅದೇ ಮಾತು. ಗಾಳಿಗೆ ಸೇರಿದ್ಮೇಲೆ ಅಟ್ಟಿಸಿಕೊಂಡು ಹೋಗೋದಕ್ಕಿಂತ ಬಾಯಿ ಬಾಗಿಲಲ್ಲೇ ಹಿಡಿಯೋದು ಸುಲಭ. ದಪ್ಪ ಬಾಯಿಯ ಹೈ ವಾಲ್ಯೂಮ್ ಸಕ್ಷನ್, ಸುಮಾರು 8 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲ, ಅದನ್ನ ಸ್ಕೇಲರ್ ತುದಿಗೆ ಒಂದು ಒಂದೂವರೆ ಸೆಂಟಿಮೀಟರ್ ಒಳಗೆ ಹಿಡಿದ್ರೆ ಮಂಜಿನಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಅಲ್ಲೇ ಹೋಗುತ್ತೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಪೇಷಂಟ್ ತುಟಿ ಮೂಲೇಲಿ ನೇತುಹಾಕೋ ತೆಳ್ಳನೆ ಸಲೈವಾ ಇಜೆಕ್ಟರ್‌ಗೆ ಆ ಶಕ್ತಿ ಇಲ್ಲ, ಅದು ನಿಂತ ನೀರು ಹೀರೋಕೆ ಅಷ್ಟೆ. ಒಬ್ಬರೇ ಕೆಲಸ ಮಾಡೋ ಡಾಕ್ಟ್ರಿಗೆ ದಪ್ಪ ಸಕ್ಷನ್ ಹಿಡಿಯೋಕೆ ಮೂರನೇ ಕೈ ಬೇಕಾಗುತ್ತೆ, ಅದೇ ಸಮಸ್ಯೆ. ಅಕ್ಕನಂಥವರ ಬೆಲೆ ಗೊತ್ತಾಗೋದು ಅಲ್ಲಿ.

ಜೊತೆಗೆ ಶುರುಮಾಡೋ ಮುಂಚೆ ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕ ಮೌತ್‌ವಾಶ್‌ನಲ್ಲಿ ಬಾಯಿ ಮುಕ್ಕಳಿಸಿದ್ರೆ ಮಂಜಲ್ಲಿರೋ ಬಾಯಿ ಬ್ಯಾಕ್ಟೀರಿಯಾ ಚೆನ್ನಾಗಿ ಕಮ್ಮಿ ಆಗುತ್ತೆ, ಟ್ಯೂಬಿನ ನೀರಿಗೆ ಮಾತ್ರ ಅದರಿಂದ ಏನೂ ಇಲ್ಲ. ಫಿಲ್ಲಿಂಗ್, ರೂಟ್ ಕೆನಾಲ್‌ಗೆ ರಬ್ಬರ್ ಡ್ಯಾಮ್ (ಹಲ್ಲು ಮಾತ್ರ ಹೊರಗಿಟ್ಟು ಬಾಯಿ ಮುಚ್ಚೋ ರಬ್ಬರ್ ಹಾಳೆ) ಹಾಕಿ, 1864ರಿಂದ ಇರೋ ವಸ್ತು, ಇವತ್ತಿಗೂ ಅರ್ಧ ಜನ ಸೋಮಾರಿತನಕ್ಕೆ ಹಾಕಲ್ಲ. ತ್ರೀ ವೇ ಸಿರಿಂಜ್‌ನ ಗಾಳಿ, ನೀರು ಎರಡೂ ಬಟನ್ ಒಟ್ಟಿಗೆ ಒತ್ತೋ ಚಾಳಿ ಬಿಡಿ. ಟಿಬಿ ಇರೋರು ಬಂದ್ರೆ, ಅರ್ಜೆಂಟ್ ಅಲ್ದಿದ್ರೆ, ಸೋಂಕು ಹರಡೋ ಹಂತ ದಾಟೋವರೆಗೆ ಮುಂದೂಡಿ, ಅದಕ್ಕೆ ಸರ್ಜಿಕಲ್ ಮಾಸ್ಕ್ ಸಾಲಲ್ಲ. ಮತ್ತೆ ನಿಮ್ಮ ಡಾಕ್ಟ್ರಿಗೆ ಹೇಳಿ, ಮಾಸ್ಕ್ ಇಳಿಸೋದಾದ್ರೆ ರೂಮಿನ ಆಚೆ ಹೋಗಿ ಇಳಿಸ್ಲಿ.

ಸಕ್ಷನ್ ಹಿಡಿಯೋಳು:
ಹತ್ತು ದಿನ ಆಯ್ತು, ಅಪ್‌ಡೇಟ್ ಕೊಡ್ತೀನಿ. ಪ್ಲೇಟ್ ಇನ್ನೂ ಸಿಕ್ಕಿಲ್ಲ, ಅದಕ್ಕೆ ಬೇರೆ ಒಂದು ಮಾಡಿದೆ. ಭಾನುವಾರ ಯಾರೂ ಇಲ್ದಾಗ ಬಾಟಲಿ ನೀರಿಗೆ ಕೆಂಪು ಫುಡ್ ಕಲರ್ ಹಾಕಿ, ಪ್ರಾಕ್ಟೀಸ್ ಮಾಡೋ ಬೊಂಬೆ ತಲೇನ ಚೇರಿಗೆ ಕಟ್ಟಿ, ಸುತ್ತ ಬಿಳಿ ಪೇಪರ್ ಹಾಸಿ, ಹತ್ತು ನಿಮಿಷ ಸ್ಕೇಲರ್ ಓಡಿಸಿದ್ವಿ. ಮೊದಲು ಬರೀ ಇಜೆಕ್ಟರ್, ಆಮೇಲೆ ಪೇಪರ್ ಬದಲಾಯಿಸಿ ದಪ್ಪ ಸಕ್ಷನ್. ಮೊದಲನೇ ಸಲ ಬೊಂಬೆ ಎದೆ ಪೂರ್ತಿ ದಡಾರ ಎದ್ದಂಗಿತ್ತು, ನನ್ನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಚುಕ್ಕೆ, ಲೈಟ್ ಹ್ಯಾಂಡಲ್ ಮೇಲೆ, ಡಾಕ್ಟ್ರ ಕನ್ನಡಕದ *ಒಳಗಡೆ* ಒಂದು. ಎರಡನೇ ಸಲ ಕಮ್ಮಿ ಆಯ್ತು, ಆದ್ರೆ ಮೇಷ್ಟ್ರು ಹೇಳಿದಷ್ಟು ಆಗ್ಲಿಲ್ಲ. ನಂಗೆ ಹಿಡಿಯೋಕೇ ಬರಲ್ವೇನೋ ಅಂತ ಬೇಜಾರಾಯ್ತು, ಆರು ವರ್ಷದ ಸರ್ವೀಸು.

ಆಮೇಲೆ ಹೊಳೀತು. ಒಂದು ಲೋಟ ನೀರಲ್ಲಿ ಸಕ್ಷನ್ ಅದ್ದಿ ನೋಡಿದೆ, ಗುಟುಕು ಗುಟುಕಾಗಿ ಕುಡೀತಿದೆ. ಪಕ್ಕದ ಚೇರಿಂದು ಒಂದೇ ಉಸಿರಿಗೆ ಖಾಲಿ ಮಾಡ್ತು. ಚೇರ್ ಕೆಳಗಿನ ಜಾಲರಿ ತೆಗೆದ್ರೆ ಸಿಮೆಂಟ್ ಚೂರು, ಹತ್ತಿ, ಯಾರದೋ ಹಲ್ಲಿನ ಪಾಚಿ, ಒಟ್ಟಿಗೆ ಗಟ್ಟಿಯಾಗಿ ಬೂದುಬಣ್ಣದ ಬಿಲ್ಲೆ ಥರ ಕೂತಿದೆ. ವಾಸನೆ ಹೇಳಲ್ಲ. ಯಾವಾಗ ಕ್ಲೀನ್ ಮಾಡಿದ್ದು ಅಂತ ಯಾರಿಗೂ ನೆನಪಿಲ್ಲ, ಅದು ನನ್ನ ಕೆಲಸನೇ ಅಂತ ನಂಗೂ ಗೊತ್ತಿರ್ಲಿಲ್ಲ. ತೊಳೆದು ಹಾಕಿ ಮತ್ತೆ ಪೇಪರ್ ಹಾಸಿದ್ವಿ, ಚುಕ್ಕೆ ಬೊಂಬೆ ಗಲ್ಲದ ಹತ್ರಕ್ಕೆ ನಿಂತೋಯ್ತು.

ಕಣ್ಣಿಗೆ ಕಾಣೋದು ಸ್ಪ್ಲ್ಯಾಟರ್ ಮಾತ್ರ ಅಂತ ಗೊತ್ತು, ಬೈಬೇಡಿ. ನೀರಿನ ಸ್ಯಾಂಪಲ್ ಲ್ಯಾಬಿಗೆ ಕೊಟ್ಟಿದೀವಿ. ಕನ್ನಡಕದ ಒಳಗಿನ ಚುಕ್ಕೆ ನೋಡಿದ್ಮೇಲೆ ಡಾಕ್ಟ್ರು ಮಾಸ್ಕ್ ಇಳಿಸ್ತಿಲ್ಲ, ಶೀಲ್ಡೂ ಹಾಕ್ತಿದಾರೆ. ಫಾಗಿಂಗ್ ಮಷಿನ್ ಮಾತ್ರ ಆಗ್ಲೇ ಆರ್ಡರ್ ಆಗ್ಬಿಟ್ಟಿತ್ತು, ಬಂದು ಮೂಲೇಲಿ ಕೂತಿದೆ.

ಒಂಟಿಕುರ್ಚಿ:
ಅಕ್ಕ ಈಗ ತಾನೇ ನನ್ನ ಚೇರಿನ ಜಾಲರಿ ತೆಗೆದು ನೋಡ್ದೆ. ಯಾರಿಗೂ ಹೇಳ್ಬೇಡಿ.

ಹಲ್ಲುನೋವಿನವ:
ನಾನು ಹೋಗಿ ಬಂದೆ. ಕಿಟಕಿ ತೆಗೀರಿ ಅಂದೆ, ತೆಗೆದ್ರು. ದಪ್ಪ ಸಕ್ಷನ್ ಇದೆಯಾ ಅಂದೆ, ಡಾಕ್ಟ್ರು ಒಂದ್ಸಲ ನನ್ನ ಮುಖ ನೋಡಿ ನೀವು ಯಾವ ಕಾಲೇಜು ಅಂದ್ರು.

ಪೆಟ್ರಿತಟ್ಟೆ:
😄 ಅಕ್ಕ, ಪ್ಲೇಟ್ ನಾನು ಕಳಿಸ್ತೀನಿ, ಆರ್2ಎನೂ ಇಡ್ತೀನಿ. ಆದ್ರೆ ಈ ಸಲ ಜಾಗದ ಹೆಸರು ಮುಚ್ಚಳದ ಮೇಲೆ ಬರೀಬೇಡಿ, ಅಗರ್ ಇರೋ ತಳದ ಮೇಲೆ ಬರೀರಿ. ತೆರೆದಿಟ್ಟು ಮುಚ್ಚುವಾಗ ಮುಚ್ಚಳ ಅದಲುಬದಲಾಗುತ್ತೆ. ಆ ರಿಸೆಪ್ಷನ್ ಪ್ಲೇಟು ನಿಜವಾಗ್ಲೂ ರಿಸೆಪ್ಷನ್‌ದೇನಾ ಅಂತ ನಂಗೆ ಮೊದಲನೇ ದಿನದಿಂದ ಡೌಟು.